ಬ್ರಿಜಿಡ್ ಪೂಜೆ ಬೇರೆ, ಐಸಿಸ್ ಪೂಜೆ ಬೇರೆ

ಸಂಪಾದಕರಿಗೆ,

ಮಾನ್ಯರೇ,

ಪಶ್ಚಿಮ ದೇಶಗಳಲ್ಲಿ ಇಂದು ಪೂಜೆಗೊಳ್ಳುವ ಪೇಗನ್ (ಕ್ರೈಸ್ತಧರ್ಮಕ್ಕೂ ಹಿಂದಿನ) ದೇವಿಯರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವು ಐರ್ಲೆಂಡಿನ ಬ್ರಿಜಿಡ್‌ಳನ್ನೂ ಈಜಿಪ್ಟಿನ ಐಸಿಸ್‌ಳನ್ನೂ ಒಟ್ಟಿಗೆ ಸೇರಿಸಿ, ಇಬ್ಬರ ಪೂಜೆಯೂ ಸಾವಿರಾರು ವರ್ಷಗಳಿಂದ ಗುಟ್ಟಾಗಿ, ಎಡೆಬಿಡದೆ ನಡೆದುಕೊಂಡು ಬಂದಿದೆ ಎಂದು ಹೇಳಿತ್ತು. ಇದು ಸರಿಯಲ್ಲ. ಓದಿಕೊಂಡ ಭಕ್ತರು ತಾವೇ ಹಾಗೆ ಹೇಳಿಕೊಳ್ಳುವುದಿಲ್ಲ. ಇಬ್ಬರೂ ಇಂದು ಒಂದೇ ಪೂಜಾಪೀಠದ ಮೇಲೆ ಕೂತಿರಬಹುದು. ಆದರೆ ಐಸಿಸ್‌ಳ ಪೂಜಾವಿಧಿ ಗುಡಿಯ ಗೋಡೆಗಳ ಮೇಲೆ ಕೆತ್ತಿಟ್ಟದ್ದು, ಬ್ರಿಜಿಡ್‌ಳದು ಹಳ್ಳಿಯ ಕ್ರೈಸ್ತರ ಮನೆಗಳಲ್ಲಿ ಉಳಿದ ಆಚರಣೆಗಳಿಂದ ಹೆಕ್ಕಿಕೊಂಡದ್ದು.

ಐಸಿಸ್ ಆರಾಧನೆ ನಿಂತ ಕಾಲ ನಮಗೆ ಸಾಕಷ್ಟು ಚೆನ್ನಾಗಿ ಗೊತ್ತಿದೆ. ನೈಲ್ ನದಿಯ ಫಿಲೇ ದ್ವೀಪ ಅವಳ ಕೊನೆಯ ದೊಡ್ಡ ಕ್ಷೇತ್ರ. ಈಜಿಪ್ಟಿನ ಚಿತ್ರಲಿಪಿಯಲ್ಲಿ ನಮಗೆ ಸಿಕ್ಕಿರುವ ಕಟ್ಟಕಡೆಯ ಶಾಸನವೂ ಅಲ್ಲಿಯದೇ, ಅದರ ದಿನಾಂಕ ಕ್ರಿ.ಶ. 394ರ ಆಗಸ್ಟ್ 24. ಆರನೆಯ ಶತಮಾನದಲ್ಲಿ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಆ ಗುಡಿಯನ್ನು ಮುಚ್ಚಿಸಿದ. ಅಲ್ಲಿಂದಾಚೆಗೆ ಪೂಜೆಯ ಸರಪಳಿ ಇಲ್ಲ. ಇಂದಿನ ಭಕ್ತರ ದೊಡ್ಡ ಬಳಗಗಳಲ್ಲೊಂದಾದ ‘ಫೆಲೋಶಿಪ್ ಆಫ್ ಐಸಿಸ್’ 1976ರಲ್ಲಿ ಹುಟ್ಟಿತು. ಅದು ಹುಟ್ಟಿದ್ದು ಈಜಿಪ್ಟಿನಲ್ಲಿ ಅಲ್ಲ, ಐರ್ಲೆಂಡಿನ ಕಾರ್ಲೋ ಕೌಂಟಿಯ ಕ್ಲೋನಗಾಲ್ ಎಂಬ ಹಳ್ಳಿಯ ಕೋಟೆಮನೆಯಲ್ಲಿ. ಕಟ್ಟಿದವರು ಒಲಿವಿಯಾ ರಾಬರ್ಟ್‌ಸನ್, ಅವರ ತಮ್ಮ ಲಾರೆನ್ಸ್, ತಮ್ಮನ ಹೆಂಡತಿ ಪಮೇಲಾ. ಲಾರೆನ್ಸ್ ಆಂಗ್ಲಿಕನ್ ಪಾದ್ರಿಯಾಗಿದ್ದವರು. ಗುಡಿ ಇರುವುದು ಆ ಮನೆಯ ನೆಲಮಾಳಿಗೆಯಲ್ಲಿ. ಸದಸ್ಯರಾಗಲು ಗುಟ್ಟಿನ ಪ್ರಮಾಣ ಬೇಡ ಎಂದು ಸಂಘದ ಘೋಷಣೆಯಲ್ಲೇ ಬರೆದಿದೆ. ‘ಗುಟ್ಟಿನ ಪಂಥ’ ಎಂಬ ನಿಮ್ಮ ಉಪಶೀರ್ಷಿಕೆ ಹಾಗಾಗಿ ಇಲ್ಲಿ ಹೊಂದುವುದಿಲ್ಲ.

ಸರಪಳಿ ಕಡಿದಿದ್ದರೂ ಐಸಿಸ್ ಭಕ್ತರಿಗೆ ವಿಧಿಯ ಕೊರತೆಯಿಲ್ಲ. ಅಬಿಡೋಸ್‌ನಲ್ಲಿ ಈಜಿಪ್ಟಿನ ದೊರೆ ಒಂದನೇ ಸೆಟಿ ಕಟ್ಟಿಸಿದ ಗುಡಿಯಲ್ಲಿ ಸಾಲಾಗಿ ಏಳು ಗರ್ಭಗುಡಿಗಳಿವೆ, ಅವುಗಳಲ್ಲೊಂದು ಐಸಿಸ್‌ಳದು. ದಿನಪೂಜೆಯ ಹಂತಗಳನ್ನು ಅಲ್ಲಿನ ಗೋಡೆಗಳ ಮೇಲೆ ಒಂದಾದ ಮೇಲೊಂದು ಬಿಡಿಸಿದ್ದಾರೆ: ಬಾಗಿಲ ಮುದ್ರೆ ಒಡೆಯುವುದು, ಅಡ್ಡಬೀಳುವುದು, ಧೂಪ ಹಾಕುವುದು, ಮೂರ್ತಿಗೆ ನೀರು, ತೈಲ, ಬಟ್ಟೆ ಒಪ್ಪಿಸುವುದು. ಕೊನೆಗೆ ಅರ್ಚಕ ಹಿಂದೆ ಸರಿಯುತ್ತ ತನ್ನ ಹೆಜ್ಜೆಗುರುತುಗಳನ್ನು ತಾನೇ ಗುಡಿಸಿ ಅಳಿಸಿ ಹೊರಬರುತ್ತಾನೆ. ಕೆಮೆಟಿಕ್ ಎಂದು ಕರೆದುಕೊಳ್ಳುವ, ಪ್ರಾಚೀನ ಈಜಿಪ್ಟಿನ ಧರ್ಮವನ್ನು ಅನುಸರಿಸುವ ಇಂದಿನ ಆರಾಧಕರು ಮನೆಯಲ್ಲಿ ಇದನ್ನೇ ಚಿಕ್ಕದಾಗಿಸಿ ಮಾಡುತ್ತಾರೆ. ಉಣ್ಣೆ ಉಡುವುದಿಲ್ಲ, ನಾರುಬಟ್ಟೆ ಅಥವಾ ಹತ್ತಿ ಉಡುತ್ತಾರೆ. ತಣ್ಣೀರು ಮತ್ತು ಬ್ರೆಡ್ ಅರ್ಪಿಸಿ, ಸ್ವಲ್ಪ ಹೊತ್ತು ಬಿಟ್ಟು ತಾವೇ ತಿನ್ನುತ್ತಾರೆ. ಅದನ್ನು ಎಸೆಯುವುದು ತಪ್ಪು.

ಪೂಜೆಗೆ ಮೊದಲು ಬಾಯಿ ಮುಕ್ಕಳಿಸಿ ಶುದ್ಧಿಯಾಗಲು ಬೇಕಾದದ್ದು ನೇಟ್ರಾನ್. ಲೇಖಕರು ಇದನ್ನು ‘ಮಂತ್ರದ ಪುಡಿ’ ಎಂದಿದ್ದಾರೆ. ಅದು ಈಜಿಪ್ಟಿನ ವಾದಿ ನತ್ರೂನ್ ಕಣಿವೆಯ ಒಣಗಿದ ಕೆರೆಗಳಲ್ಲಿ ಸಿಗುವ ಸೋಡಾ ಉಪ್ಪು. ಮನೆಯಲ್ಲಿ ಅಡುಗೆ ಸೋಡಾ ಅರ್ಧ ಕಪ್, ಕಲ್ಲುಪ್ಪು ಅರ್ಧ ಕಪ್, ನೀರು ಅರ್ಧ ಕಪ್ ಸೇರಿಸಿ, ಸಣ್ಣ ಉರಿಯಲ್ಲಿ ಕುದಿಸಿ, ನೀರು ಹೆಚ್ಚುಕಡಿಮೆ ಇಂಗಿದ ಮೇಲೆ ಅಗಲ ತಟ್ಟೆಯಲ್ಲಿ ಹರಡಿ ಒಲೆಯ ಇಳಿಬಿಸಿಯಲ್ಲಿ ಒಣಗಿಸುತ್ತಾರೆ. ಎಡವಟ್ಟಾಗುವುದು ಎರಡು ಕಡೆ. ಅಲ್ಯೂಮಿನಿಯಂ ಪಾತ್ರೆ ಬಳಸಿದರೆ ಕ್ಷಾರಕ್ಕೆ ಲೋಹ ಕರಗಿ ಪಾತ್ರೆ ಕಪ್ಪಾಗುತ್ತದೆ, ಆ ಪುಡಿ ಬಾಯಿಗೆ ಹಾಕುವಂಥದ್ದಲ್ಲ. ಸ್ಟೀಲ್ ಅಥವಾ ಗಾಜಿನ ಪಾತ್ರೆ ಬೇಕು. ಇನ್ನೊಂದು, ಬೇಗ ಒಣಗಲೆಂದು ಉರಿ ಜೋರು ಮಾಡುವುದು. ಕಾವು ಏರಿದಷ್ಟೂ ಅಡುಗೆ ಸೋಡಾ ಇಂಗಾಲಾಮ್ಲ ಕಳೆದುಕೊಂಡು ಬಟ್ಟೆ ಒಗೆಯುವ ಸೋಡಾ ಆಗುತ್ತದೆ, ಬಾಯಿ ಉರಿಯುತ್ತದೆ. ಬಟ್ಟಲು ನೀರಿಗೆ ಒಂದು ಚಿಟಿಕೆ ಸಾಕು. ಬಾಯಿ ಮುಕ್ಕಳಿಸಿ ಉಗುಳಬೇಕು, ನುಂಗಬಾರದು.

ಬ್ರಿಜಿಡ್ ವಿಷಯಕ್ಕೆ ಬಂದರೆ ಇಂಥ ಗೋಡೆಯೇ ಇಲ್ಲ. ಸುಮಾರು ಕ್ರಿ.ಶ. 900ರ ‘ಕಾರ್ಮಕನ ನಿಘಂಟು’ ಅವಳನ್ನು ಐರಿಷ್ ದೇವ ದಗ್ದನ ಮಗಳು, ಕವಿಗಳು ಪೂಜಿಸುತ್ತಿದ್ದ ದೇವಿ ಎನ್ನುತ್ತದೆ. ಅದೇ ಹೆಸರಿನ ಅವಳ ಇಬ್ಬರು ಸೋದರಿಯರಲ್ಲಿ ಒಬ್ಬಳು ವೈದ್ಯೆ, ಇನ್ನೊಬ್ಬಳು ಕಮ್ಮಾರಳು. ಬರೆದವರು ಕ್ರೈಸ್ತರು, ಪೂಜೆ ಹೇಗೆ ಮಾಡುತ್ತಿದ್ದರೆಂದು ಒಂದು ಮಾತೂ ಇಲ್ಲ. ಹಾಗಾಗಿ ಇಂದಿನ ಪೇಗನ್ನರು ಕಿಲ್ಡೇರ್‌ನ ಸಂತ ಬ್ರಿಜಿಡ್‌ಳ ಸಂಪ್ರದಾಯದಿಂದಲೇ ತೆಗೆದುಕೊಳ್ಳುತ್ತಾರೆ. ದೇವಿಯೇ ಸಂತಳಾದಳೇ, ಆ ಹೆಸರಿನ ಸನ್ಯಾಸಿನಿಯೂ ಇದ್ದಳೇ ಎಂಬ ಜಗಳದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಲೇಖನ ಅದನ್ನು ಒಂದು ಸಾಲಿನಲ್ಲಿ ಬಗೆಹರಿಸಿಬಿಟ್ಟಿದೆ!

ಹನ್ನೆರಡನೆಯ ಶತಮಾನದ ಕೊನೆಗೆ ಐರ್ಲೆಂಡಿಗೆ ಹೋಗಿದ್ದ ಪಾದ್ರಿ ಜೆರಾಲ್ಡ್ ಆಫ್ ವೇಲ್ಸ್ ಕಿಲ್ಡೇರ್‌ನ ನಂದಾದೀಪದಂಥ ಬೆಂಕಿಯನ್ನು ವರ್ಣಿಸಿದ್ದಾನೆ. ಹತ್ತೊಂಬತ್ತು ಸನ್ಯಾಸಿನಿಯರು ಸರದಿಯಂತೆ ಒಂದೊಂದು ರಾತ್ರಿ ಕಾಯುತ್ತಿದ್ದರು, ಇಪ್ಪತ್ತನೆಯ ರಾತ್ರಿಯನ್ನು ಬ್ರಿಜಿಡ್‌ಗೇ ಬಿಡುತ್ತಿದ್ದರು. ಬೆಂಕಿಗೆ ತಿದಿಯಿಂದಲೋ ಮೊರದಂಥ ಬೀಸಣಿಗೆಯಿಂದಲೋ ಗಾಳಿ ಹಾಕಬೇಕಿತ್ತು, ಬಾಯಿಂದ ಊದುವಂತಿರಲಿಲ್ಲ. ದೀಪವನ್ನು ಬಾಯಿಂದ ಊದಿ ಆರಿಸಬಾರದೆಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುವ ಹಾಗೆಯೇ. 1993ರಲ್ಲಿ ಬ್ರಿಜಿಡೈನ್ ಸನ್ಯಾಸಿನಿಯರು ಕಿಲ್ಡೇರ್‌ನಲ್ಲಿ ಆ ಜ್ಯೋತಿಯನ್ನು ಮತ್ತೆ ಹಚ್ಚಿದರು. ಹಚ್ಚಿದ್ದು ಕ್ಯಾಥೊಲಿಕ್ಕರು, ಪೇಗನ್ನರಲ್ಲ ಎಂಬುದನ್ನು ಲೇಖನ ತಿದ್ದಿಕೊಳ್ಳಬೇಕು.

ಬೇರೆ ಬೇರೆ ದೇಶಗಳಲ್ಲಿರುವ ಪೇಗನ್ ಗುಂಪುಗಳು ಇಪ್ಪತ್ತು ದಿನದ ಇದೇ ಲೆಕ್ಕವನ್ನು ಹಂಚಿಕೊಳ್ಳುತ್ತವೆ. ಒಬ್ಬೊಬ್ಬರ ಪಾಳಿ ಸೂರ್ಯಾಸ್ತದಿಂದ ಮರುದಿನದ ಸೂರ್ಯಾಸ್ತದವರೆಗೆ. ತಗಡಿನ ಬಟ್ಟಲಿನ ಸಣ್ಣ ಮೇಣದಬತ್ತಿ ಸುಮಾರು ನಾಲ್ಕು ಗಂಟೆ ಉರಿಯುತ್ತದೆ, ಹಾಗಾಗಿ ಒಂದು ಪಾಳಿಗೆ ಕನಿಷ್ಠ ಆರು ಬೇಕು. ಹಳೆಯದು ಆರುವ ಮೊದಲೇ ಅದರಿಂದ ಹೊಸದನ್ನು ಹಚ್ಚಬೇಕು. ಉದ್ದ ಗಾಜಿನ ಲೋಟದಲ್ಲಿರುವ ಮೇಣದಬತ್ತಿಯಾದರೆ ಕರಗಿದ ಮೇಣ ತುಂಬಿ ಬತ್ತಿಯೇ ಮುಳುಗಬಹುದು. ಬತ್ತಿಯನ್ನು ಕಾಲು ಇಂಚಿಗೆ ಕತ್ತರಿಸಿಟ್ಟುಕೊಂಡರೆ ಹೊಗೆಯೂ ಕಡಿಮೆ, ಗಾಜೂ ಮಸಿಯಾಗುವುದಿಲ್ಲ. ಮಲಗುವಾಗ ಜ್ವಾಲೆಯನ್ನು ಮುಚ್ಚಳದಿಂದ ಆರಿಸಿ ವಿದ್ಯುತ್ ದೀಪ ಇಡುವುದು ಒಪ್ಪಿತ ರೂಢಿ. ಮನೆ ಸುಟ್ಟುಕೊಂಡು ಭಕ್ತಿ ತೋರಿಸಬೇಕಿಲ್ಲ.

ಇನ್ನು ಜೊಂಡಿನಲ್ಲಿ ಹೆಣೆಯುವ ಬ್ರಿಜಿಡ್ ಶಿಲುಬೆ. ನಿಮ್ಮಲ್ಲಿ ಅಚ್ಚಾದ ವಿಧಾನ ಅನುಸರಿಸಿದರೆ ಅದು ಕೈಯಲ್ಲೇ ಬಿಚ್ಚಿಹೋಗುತ್ತದೆ. ಜೌಗು ನೆಲದ ಹಸಿ ಜೊಂಡು ಹನ್ನೆರಡರಿಂದ ಇಪ್ಪತ್ತೆಂಟು ಕಡ್ಡಿ ಬೇಕು. ಅದನ್ನು ಅವಳ ಹಬ್ಬದ ಹಿಂದಿನ ದಿನ, ಜನವರಿ 31ರಂದು ಕೀಳುತ್ತಾರೆ. ಕುಯ್ಯಬಾರದು, ಕೀಳಬೇಕು ಎಂಬುದು ಸಂಪ್ರದಾಯ. ಒಂದು ಕಡ್ಡಿಯನ್ನು ನೆಟ್ಟಗೆ ಹಿಡಿದು, ಎರಡನೆಯದನ್ನು ನಡುವೆ ಮಡಚಿ ಮೊದಲನೆಯದರ ನಡುವಿಗೆ ಸಿಕ್ಕಿಸಿ, ಎರಡೂ ತುದಿ ಬಲಕ್ಕೆ ಬರುವಂತೆ ಎಳೆಯಿರಿ. ಇಡೀ ಹೆಣಿಗೆಯನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ. ಈಗ ಮೇಲೆ ನಿಂತ ಜೋಡಿ ಕಡ್ಡಿಗಳನ್ನು ಮೂರನೆಯದು ತಬ್ಬಬೇಕು, ಅದರ ತುದಿಗಳೂ ಬಲಕ್ಕೇ. ಮತ್ತೆ ಎಡಕ್ಕೆ ತಿರುಗಿಸಿ. ಹೀಗೆ ಪ್ರತಿ ಹೊಸ ಕಡ್ಡಿ ಆ ಹೊತ್ತಿಗೆ ಮೇಲಿರುವ ತೋಳಿನ ಎಲ್ಲ ಕಡ್ಡಿಗಳನ್ನೂ ಸುತ್ತಬೇಕು. ಲೇಖನದಲ್ಲಿ ತಿರುಗಿಸುವ ದಿಕ್ಕನ್ನೇ ಹೇಳಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿದರೆ ಹಿಂದಿನ ಮಡಿಕೆಗೆ ಹಿಡಿತವಿಲ್ಲದೆ ಜಾರುತ್ತದೆ. ಹೆಬ್ಬೆರಳು ನಡುವಿನಿಂದ ಏಳಬಾರದು, ಎದ್ದರೆ ಅಲ್ಲಿ ತೂತು ಬೀಳುತ್ತದೆ. ನಾಲ್ಕು ತುದಿಗೂ ದಾರ ಬಿಗಿದು ಸಮ ಕತ್ತರಿಸಬೇಕು. ಹಸಿ ಜೊಂಡು ಒಣಗಿದಾಗ ಸಣ್ಣದಾಗಿ ದಾರ ಸಡಿಲವಾಗುತ್ತದೆ, ಕೆಲವು ದಿನ ಬಿಟ್ಟು ಮತ್ತೆ ಬಿಗಿಯಬೇಕು. ಜೊಂಡು ಸಿಗದಿದ್ದರೆ ಗೋಧಿ ಹುಲ್ಲು ಆದೀತು, ಆದರೆ ಕೆಲವು ಗಂಟೆ ನೀರಿನಲ್ಲಿ ನೆನೆಸದೆ ಮಡಚಿದರೆ ಮುರಿಯುತ್ತದೆ. ಶಿಲುಬೆ ಬಾಗಿಲ ಮೇಲೆ ವರ್ಷವಿಡೀ ಇರುತ್ತದೆ, ಮನೆಯನ್ನು ಬೆಂಕಿಯಿಂದ ಕಾಯುತ್ತದೆ ಎಂಬ ನಂಬಿಕೆ.

ಲೇಖನ ಹೇಳಿದ, ಪೇಗನ್ನರ ವರ್ಷದ ಎಂಟು ಹಬ್ಬಗಳ ‘ಪ್ರಾಚೀನ ಚಕ್ರ’ದ ಬಗ್ಗೆ ಒಂದೇ ಮಾತು: ಅದನ್ನು ಈ ರೂಪಕ್ಕೆ ತಂದದ್ದು ಇಪ್ಪತ್ತನೆಯ ಶತಮಾನದ ನಡುವೆ, ಇಂಗ್ಲೆಂಡಿನ ವಿಕ್ಕಾ ಮತ್ತು ಡ್ರೂಯಿಡ್ ಎಂಬ ಆಧುನಿಕ ಪೇಗನ್ ಬಳಗಗಳು. ಅವುಗಳಲ್ಲಿ ಬ್ರಿಜಿಡ್‌ಳ ಇಂಬೊಲ್ಕ್ (ಫೆಬ್ರುವರಿ 1, ಕುರಿಗಳಿಗೆ ಹಾಲಿಳಿಯುವ ಕಾಲದ್ದು) ಮಾತ್ರ ನಿಜಕ್ಕೂ ಹಳೆಯ ಐರಿಷ್ ಹಬ್ಬ ಎಂದು ತೆಗೆದುಕೊಳ್ಳಬೇಡಿ. ಸಂಹೇನ್, ಬೆಲ್ಟನೆ, ಲೂನಸ ಕೂಡ ಹಳೆಯವೇ. ಆಸ್ಟ್ರೇಲಿಯಾದ ಪೇಗನ್ನರಲ್ಲಿ ಅನೇಕರು ಋತು ತಿರುವುಮುರುವಾದ್ದರಿಂದ ಇಂಬೊಲ್ಕನ್ನು ಆಗಸ್ಟ್ 1ಕ್ಕೆ ಇಟ್ಟುಕೊಳ್ಳುತ್ತಾರೆ.

ಭಾರತದ ನಂಟು ಹೇಳಲೇಬೇಕೆಂದಿದ್ದರೆ ಲೇಖಕರಿಗೆ ಒಳ್ಳೆಯದೊಂದು ಕೈಯಲ್ಲೇ ಇತ್ತು. ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ದಿಬ್ಬಗಳಲ್ಲಿ ಸಿಕ್ಕ 1380ನೇ ಸಂಖ್ಯೆಯ ಪಪೈರಸ್ ಐಸಿಸ್‌ಳ ಸ್ತುತಿ. ಯಾವ ನಾಡಿನಲ್ಲಿ ಅವಳಿಗೆ ಯಾವ ಹೆಸರು ಎಂದು ಪಟ್ಟಿ ಮಾಡುತ್ತ, ಭಾರತೀಯರಲ್ಲಿ ಅವಳು ‘ಮಾಯಾ’ ಎನ್ನುತ್ತದೆ. ಕನ್ನಡದ ಮಾತುಗಳಿವೆಯೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಷ್ ವಾದಿಸಿದ ಗ್ರೀಕ್ ಪ್ರಹಸನ, ನಮ್ಮ ಗೋವಿಂದ ಪೈಗಳೂ ಚರ್ಚಿಸಿದ್ದು, ಅದೇ ಊರಿನ 413ನೇ ಪಪೈರಸ್. ಲೇಖನದಲ್ಲಿದ್ದ ‘ಕಾಳಿಯೇ ಕೆಲ್ಟರ ದೇವಿ’ ಎಂಬ ಸಾಲಿಗಿಂತ ಇದು ಎಷ್ಟೋ ಗಟ್ಟಿ.

ಐರ್ಲೆಂಡಿನಲ್ಲಿರುವ ಕನ್ನಡಿಗರಿಗಾಗಿ ಒಂದು ತಿದ್ದುಪಡಿ. 2023ರಿಂದ ಅಲ್ಲಿ ಬ್ರಿಜಿಡ್ ಹೆಸರಿನ ಸರ್ಕಾರಿ ರಜೆ ಇದೆ. ಅದು ಲೇಖನ ಹೇಳುವಂತೆ ಪ್ರತಿ ವರ್ಷ ಫೆಬ್ರುವರಿ 1 ಅಲ್ಲ, ಫೆಬ್ರುವರಿಯ ಮೊದಲ ಸೋಮವಾರ. ಒಂದನೇ ತಾರೀಖು ಶುಕ್ರವಾರವೇ ಬಂದರೆ ಮಾತ್ರ ಸೋಮವಾರದ ಬದಲು ಆ ದಿನವೇ ರಜೆ. ಅಂಥ ಶುಕ್ರವಾರ ಮುಂದೆ ಬರುವುದು 2030ರಲ್ಲಿ.

ಇತಿ,
ಧರ್ಮಗಳ ಇತಿಹಾಸದ ಅಧ್ಯಾಪಕಿ, ಮೈಸೂರು