ದಿನಕ್ಕೆ ಒಂದೇ ಜಾಗ: ನಮ್ಮ ವಿಜ್ಞಾನ ಪ್ರವಾಸ ಬದಲಾಗುತ್ತಿದೆ

ಮಾನ್ಯ ಮುಖ್ಯ ಶಿಕ್ಷಕರಿಗೆ, ಪೋಷಕರಿಗೆ ನಮಸ್ಕಾರ.

ಜೂನ್‌ನಿಂದ ನಮ್ಮ ಬೆಂಗಳೂರು ವಿಜ್ಞಾನ ಪ್ರವಾಸದಲ್ಲಿ ಒಂದೇ ದಿನ ನಾಲ್ಕು ಜಾಗ ಸುತ್ತಿಸುವುದಿಲ್ಲ. ದಿನಕ್ಕೆ ಒಂದೇ ಜಾಗ. ಪ್ರತಿ 15 ಮಕ್ಕಳಿಗೆ ಕನ್ನಡದಲ್ಲಿ ವಿವರಿಸುವ ಒಬ್ಬರು ಜೊತೆಗಿರುತ್ತಾರೆ.

ನಾಲ್ಕರ ಬದಲು ಒಂದೇನಾ ಅಂತ ನೀವು ಕೇಳಬಹುದು. ಕಾರಣ ಹೇಳುತ್ತೇವೆ.

ಊರಿನವರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಭಾರತೀಯ ವಿಜ್ಞಾನ ಸಂಸ್ಥೆಯನ್ನೇ ನೋಡಿ. 1909ರಲ್ಲಿ ಹುಟ್ಟಿದ್ದು. ಜಮ್‌ಶೆಟ್‌ಜಿ ಟಾಟಾ ಅವರು ದುಡ್ಡು ಮೀಸಲಿಟ್ಟರು, ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. ನಮ್ಮ ನಾಡಿನ ನೆಲ ಅದು. ನಮ್ಮ ಮಕ್ಕಳು ಅಲ್ಲಿ ಅಂಜದೆ ಪ್ರಶ್ನೆ ಕೇಳಬೇಕು, ಅಲ್ವಾ? ಸಂಸ್ಥೆಯೂ ಬಾಗಿಲು ತೆರೆಯುತ್ತಿದೆ. ವರ್ಷಕ್ಕೊಮ್ಮೆ ಓಪನ್ ಡೇ ದಿನ ಲ್ಯಾಬ್‌ಗಳಲ್ಲಿ ಸಂಶೋಧನಾ ವಿದ್ಯಾರ್ಥಿಗಳೇ ನಿಂತು ತಮ್ಮ ಕೆಲಸ ವಿವರಿಸುತ್ತಾರೆ. ಚಳ್ಳಕೆರೆ ಹತ್ತಿರದ ಕುದಾಪುರದ ಕ್ಯಾಂಪಸ್‌ನಲ್ಲಿ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ಕೊಡುತ್ತಾರೆ. ಇನ್ನು 2024ರಲ್ಲಿ ತೆರೆದ, ವಿಜ್ಞಾನ ಪ್ರದರ್ಶನಗಳ ಜಾಗವಾದ ಸೈನ್ಸ್ ಗ್ಯಾಲರಿ ಬೆಂಗಳೂರಿನಲ್ಲಂತೂ ಯುವಕ ಯುವತಿಯರು ನೋಡುಗರ ಜೊತೆ ಮಾತಿಗೇ ನಿಲ್ಲುತ್ತಾರೆ.

ಇಂಥ ಕಡೆ ಓಡಿ ಓಡಿ ನೋಡಿದರೆ ಏನು ಸಿಗುತ್ತದೆ? ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ ಗುಲಾಬಿ ಅದ್ದಿ ತೆಗೆದು ಮೇಜಿಗೆ ಬಡಿದರೆ ಚೂರುಚೂರಾಗುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆದರೆ ಮೆತ್ತಗಿದ್ದ ಎಸಳು ಯಾಕೆ ಒಡೆಯಿತು? ಅದರೊಳಗಿನ ನೀರು ಹೆಪ್ಪುಗಟ್ಟಿತು. ಹಾಗಾದರೆ ನೀರಿಲ್ಲದ ಒಣ ಎಲೆ ಅದ್ದಿದರೆ? ಈ ಎರಡನೇ ಪ್ರಶ್ನೆ ಬರುವುದು ಮಗು ಅಲ್ಲೇ ಸ್ವಲ್ಪ ಹೊತ್ತು ನಿಂತಾಗ. ನಮಗೆ ಬೇಕಾದದ್ದು ಆ ಪ್ರಶ್ನೆ.

ಅದಕ್ಕೇ ಪ್ರವಾಸಕ್ಕೆ ಒಂದು ವಾರ ಮೊದಲು ನಾವೇ ಶಾಲೆಗೆ ಬಂದು ಒಂದು ಪೀರಿಯಡ್ ಮಕ್ಕಳ ಜೊತೆ ಮಾತಾಡುತ್ತೇವೆ. ಮಕ್ಕಳು ತಮ್ಮ ಪ್ರಶ್ನೆ ತಾವೇ ಬರೆದುಕೊಂಡು ಬರಲಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋದಾಗಲೂ ಇದೇ ಕ್ರಮ. ಎಲ್ಲ ಗ್ಯಾಲರಿ ಮುಗಿಸುವ ಅವಸರವಿಲ್ಲ. ಎಂಜಿನ್ ಹಾಲ್‌ನಲ್ಲೇ ಅರ್ಧ ದಿನ ಕಳೆದರೂ ಸರಿ. ಕೊನೆಗೆ ತುಂಬಿಸಬೇಕಾದ ವರ್ಕ್‌ಶೀಟ್ ಇರುವುದಿಲ್ಲ.

ವಿವರಿಸಲು ಜೊತೆಗೆ ಬರುವವರು ಜಾಸ್ತಿಯಾದ್ದರಿಂದ ದರ ಒಬ್ಬರಿಗೆ 60 ರೂಪಾಯಿ ಹೆಚ್ಚಾಗಿದೆ. ಸರ್ಕಾರಿ ಶಾಲೆಗಳಿಗೆ ಹಳೇ ದರವೇ. ಈಗಾಗಲೇ ನಾಲ್ಕು ಜಾಗದ ಪ್ರವಾಸ ಕಾಯ್ದಿರಿಸಿದವರಿಗೆ ಒಪ್ಪಿಗೆಯಾಗದಿದ್ದರೆ ಮುಂಗಡ ಪೂರ್ತಿ ವಾಪಸ್ ಕೊಡುತ್ತೇವೆ. ಯಾವ ಜಾಗ, ಯಾವ ತರಗತಿ ಅಂತ ಮೇ ಕೊನೆಯೊಳಗೆ ತಿಳಿಸಿ.

ಇಂತಿ,
ನಿಮ್ಮ ಪ್ರವಾಸ ತಂಡ