ಪೆಟ್ಟಿಗೆಯಲ್ಲಿರುವ ಸೀರೆ ಯಾರದು?

ಮಾನ್ಯ ಸಂಪಾದಕರೇ,

ಮನೆಯೊಳಗಿನ ಬೇಡದ ಸಾಮಾನುಗಳನ್ನು ಕಡಿಮೆ ಮಾಡಿಕೊಳ್ಳುವ ಬಗ್ಗೆ ಕಳೆದ ವಾರ ತಮ್ಮ ಪತ್ರಿಕೆಯ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ಪ್ರತಿಯೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ‘ಇದರಿಂದ ನನಗೆ ಸಂತೋಷವಿದೆಯೇ’ ಎಂದು ಕೇಳಿಕೊಳ್ಳಬೇಕು, ಇಲ್ಲವೆಂದಾದರೆ ಅದನ್ನು ಹೊರಗೆ ಕಳುಹಿಸಬೇಕು ಎಂಬ ಅದರ ಸಲಹೆಯಿಂದ ಅನೇಕರಿಗೆ ಪ್ರಯೋಜನವಾಗಬಹುದು. ಆದರೆ ಉಡುಪಿ ಜಿಲ್ಲೆಯ ಹಳ್ಳಿಯೊಂದರ ಕ್ರೈಸ್ತ ಮನೆಯಲ್ಲಿ ಹುಟ್ಟಿ ಬೆಳೆದು, ಮೂವತ್ತಮೂರು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದ ನನಗೆ ಆ ಪ್ರಶ್ನೆ ಸಾಲದೆನಿಸಿತು. ಬೂದಿ ಬುಧವಾರ ಹತ್ತಿರವಾಗುತ್ತಿದ್ದು, ಅಂದಿನಿಂದ ಶುರುವಾಗುವ, ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ಉಪವಾಸ-ಪ್ರಾರ್ಥನೆಯ ತಪಸ್ಸುಕಾಲಕ್ಕೆ ನಾವೆಲ್ಲ ಅಣಿಯಾಗುತ್ತಿರುವ ಈ ಹೊತ್ತಿನಲ್ಲಿ, ಅದು ಏಕೆ ಸಾಲದು ಎಂಬುದನ್ನು ಬರೆಯಲು ಅವಕಾಶ ಕೋರುತ್ತೇನೆ.

ಎರಡು ವರ್ಷಗಳ ಹಿಂದೆ ಅಮ್ಮ ತೀರಿಕೊಂಡ ಮೇಲೆ ಅವರ ಕಬ್ಬಿಣದ ಪೆಟ್ಟಿಗೆಯನ್ನು ನಾನೂ ತಂಗಿಯೂ ಸೇರಿ ತೆರೆದೆವು. ಅಣ್ಣ ಕುವೈತಿನಿಂದ ರಜೆಯಲ್ಲಿ ಬಂದಾಗಲೆಲ್ಲ ತಂದುಕೊಟ್ಟ ಟವೆಲುಗಳು, ದಪ್ಪ ಕಂಬಳಿಗಳು, ಸುವಾಸನೆ ಹೋಗಿ ಕಲ್ಲಿನಂತಾಗಿದ್ದ ಸೋಪುಗಳು, ಅವುಗಳ ಕೆಳಗೆ ಒಮ್ಮೆಯೂ ಉಡದ ಹನ್ನೊಂದು ಸೀರೆಗಳು ಅದರಲ್ಲಿದ್ದವು. ಒಂದು ಸೀರೆಯನ್ನು ಬಿಡಿಸಲು ಹೋದಾಗ ಅದು ಮಡಿಕೆಯ ಗೆರೆಯ ಉದ್ದಕ್ಕೂ ಕಾಗದದ ಹಾಗೆ ಸೀಳಿಕೊಂಡಿತು. ಜರಿ ಕಪ್ಪಾಗಿತ್ತು, ಪೆಟ್ಟಿಗೆಯ ತಳದ ತುಕ್ಕು ಅಡಿಯ ಕಂಬಳಿಗೆ ಅಂಟಿಕೊಂಡು ಅದರ ಎರಡು ಮಡಿಕೆಗಳನ್ನು ದಾಟಿ ಮೂರನೆಯದಕ್ಕೂ ಇಳಿದಿತ್ತು. ತಂಗಿ ಆ ಸೀರೆಯ ತುಂಡನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ಗೋಡೆಯೇ ಬೆವರುವ ನಮ್ಮ ಕರಾವಳಿಯಲ್ಲಿ ಯೇಸುಸ್ವಾಮಿ ಬೆಟ್ಟದ ಮೇಲಿನ ಪ್ರಸಂಗದಲ್ಲಿ ಹೇಳಿದ ನುಸಿಯನ್ನೂ ಕಿಲುಬನ್ನೂ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಅವು ಪ್ರತಿ ಆಷಾಢದಲ್ಲಿ ನಮ್ಮ ಕಪಾಟಿನೊಳಗೇ ಕಾಣಸಿಗುತ್ತವೆ. ಭೂಮಿಯ ಮೇಲೆ ಸಂಪತ್ತನ್ನು ಕೂಡಿಟ್ಟುಕೊಳ್ಳಬೇಡಿ, ಇಲ್ಲಿ ನುಸಿಯೂ ಕಿಲುಬೂ ಅದನ್ನು ಹಾಳುಮಾಡುತ್ತವೆ ಎಂಬ, ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದ ಆ ಮಾತನ್ನು ಕನ್ನಡಕ್ಕೆ ತಂದವರು ಸಂಪತ್ತು ಎನ್ನುವ ಕಡೆ ‘ಗಂಟು’ ಎಂಬ ಪದವನ್ನು ಬಳಸಿದ್ದಾರೆ. ಕೂಡಿಟ್ಟ ಹಣವೂ ಗಂಟು, ಬಿಚ್ಚಲಾಗದ ತೊಡಕೂ ಗಂಟು, ತಲೆಯ ಮೇಲೆ ಹೊರುವ ಹೊರೆಯೂ ಗಂಟು. ಬಾಲ್ಯದಿಂದ ಕೇಳುತ್ತ ಬಂದ ಆ ಪದದ ಮೂರೂ ಅರ್ಥಗಳು ನನಗೆ ಒಟ್ಟಿಗೆ ತಿಳಿದದ್ದು ಆ ದಿನ.

ಅಮ್ಮನನ್ನು ನಾನು ದೂರುತ್ತಿಲ್ಲ. ಅವರು ಕೊರತೆಯ ಕಾಲದಲ್ಲಿ ಬದುಕಿದವರು, ಸೂಜಿ ಮುರಿದರೂ ಪೇಟೆಗೆ ಹೋಗಲು ವಾರ ಕಾಯಬೇಕಾಗಿದ್ದವರು. ‘ಯಾರಿಗಾದರೂ ಬೇಕಾದೀತು’ ಎನ್ನುವುದು ಅವರ ನಿತ್ಯದ ಮಾತಾಗಿತ್ತು. ಕೂಡಿಡುವುದೆಲ್ಲ ಪಾಪವೆಂದು ನಮ್ಮ ಧರ್ಮ ಹೇಳುವುದೂ ಇಲ್ಲ: ಬೈಬಲಿನಲ್ಲಿ ಬರುವಂತೆ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಯೋಸೇಫನು ಏಳು ಸುಭಿಕ್ಷ ವರ್ಷಗಳ ಧಾನ್ಯವನ್ನು ಕಣಜಗಳಲ್ಲಿ ತುಂಬಿಸಿಟ್ಟದ್ದರಿಂದಲೇ ಬರದ ವರ್ಷಗಳಲ್ಲಿ ಜನರು ಬದುಕಿಕೊಂಡರು. ನಮ್ಮ ಮನೆಗಳಲ್ಲಿಯೂ ಮೇ ತಿಂಗಳು ಮುಗಿಯುವುದರೊಳಗೆ ಸೌದೆ, ಹಪ್ಪಳ, ಒಣಮೀನು, ಉಪ್ಪಿನಲ್ಲಿಟ್ಟ ಮಾವಿನಕಾಯಿ, ಹಲಸಿನ ಬೀಜಗಳ ದಾಸ್ತಾನು ಆಗುತ್ತಿತ್ತು. ಆದರೆ ಆ ದಾಸ್ತಾನಿಗೆ ಒಂದು ಅವಧಿ ಇತ್ತು. ತೆನೆಹಬ್ಬಕ್ಕೆ ಹೊಸ ಭತ್ತದ ತೆನೆ ಚರ್ಚಿಗೆ ಬರುವ ಹೊತ್ತಿಗೆ ಭರಣಿಗಳ ತಳ ಕಾಣುತ್ತಿತ್ತು. ಇಂದು ನಮ್ಮ ಕಪಾಟುಗಳಲ್ಲಿರುವ ದಾಸ್ತಾನಿಗೆ ಅಂತಹ ಯಾವ ಅವಧಿಯೂ ಇಲ್ಲ. ಮಕ್ಕಳು ದುಬೈಯಲ್ಲೋ ಬೆಂಗಳೂರಿನಲ್ಲೋ ಟೊರೊಂಟೊದಲ್ಲೋ ನೆಲೆಸಿ, ಇಬ್ಬರು ವೃದ್ಧರು ಮಾತ್ರ ಉಳಿದಿರುವ ಐದು ಕೋಣೆಗಳ ಮನೆಗಳು ನಮ್ಮ ಊರಿನಲ್ಲೇ ಹಲವಿವೆ. ಅವುಗಳಲ್ಲಿ ಮೂರು ಕೋಣೆಗಳ ಬಾಗಿಲು ಸಾಮಾನುಗಳಿಗಾಗಿಯೇ ಮುಚ್ಚಿರುತ್ತದೆ.

ನಾಲ್ಕನೆಯ ಶತಮಾನದಲ್ಲಿ, ಈಗಿನ ಟರ್ಕಿ ದೇಶಕ್ಕೆ ಸೇರಿದ ಸಿಸೇರಿಯದ ಸಂತ ಬೆಸಿಲರು, ಹಳೆಯ ಕಣಜಗಳನ್ನು ಕೆಡವಿ ದೊಡ್ಡ ಕಣಜ ಕಟ್ಟಲು ಹೊರಟ ಐಶ್ವರ್ಯವಂತನ ಬಗ್ಗೆ ಯೇಸುಸ್ವಾಮಿ ಹೇಳಿದ ದೃಷ್ಟಾಂತ ಕಥೆಯನ್ನು ಕುರಿತು ಮಾಡಿದ ಪ್ರಸಂಗವೊಂದಿದೆ. ನೀನು ಬಚ್ಚಿಟ್ಟ ರೊಟ್ಟಿ ಹಸಿದವನದು, ಪೆಟ್ಟಿಗೆಯಲ್ಲಿರುವ ಮೇಲಂಗಿ ಬಟ್ಟೆಯಿಲ್ಲದವನದು, ಮನೆಯಲ್ಲಿ ಕೊಳೆಯುತ್ತಿರುವ ಪಾದರಕ್ಷೆ ಬರಿಗಾಲಿನವನದು ಎಂಬುದು ಅದರ ಸಾರ. ಇನ್ನೊಬ್ಬನು ಉಟ್ಟ ಬಟ್ಟೆಯನ್ನು ಕಿತ್ತುಕೊಳ್ಳುವವನನ್ನು ಕಳ್ಳನೆನ್ನುವುದಾದರೆ, ಉಡಿಸಲು ಶಕ್ತಿಯಿದ್ದೂ ಉಡಿಸದವನಿಗೆ ಬೇರೆ ಯಾವ ಹೆಸರು ಸಲ್ಲುತ್ತದೆ ಎಂದು ಅವರು ಕೇಳುತ್ತಾರೆ. ನನಗೆ ಸಂತೋಷವಿದೆಯೇ ಎಂಬ ಪ್ರಶ್ನೆ ನನ್ನ ಹೊಸ್ತಿಲನ್ನು ದಾಟುವುದಿಲ್ಲ. ಇದು ಯಾರದು ಎಂಬ ಬೆಸಿಲರ ಪ್ರಶ್ನೆಯಾದರೋ ನೇರವಾಗಿ ಬೀದಿಗೆ ಕರೆದೊಯ್ಯುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಎಂಬ ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಜಾನ್ ವೆಸ್ಲಿಯವರು ಸಾಧ್ಯವಾದಷ್ಟು ಗಳಿಸಿ, ಸಾಧ್ಯವಾದಷ್ಟು ಉಳಿಸಿ, ಸಾಧ್ಯವಾದಷ್ಟು ಕೊಡಿ ಎಂದು ಬೋಧಿಸಿ, ಕೊನೆಗಾಲದಲ್ಲಿ ತಮ್ಮ ಜನರು ಮೊದಲಿನ ಎರಡನ್ನು ಮಾತ್ರ ಪಾಲಿಸಿದರೆಂದು ಮರುಗಿದರು. ಕಥೋಲಿಕರಾದ ನಾವೂ ಅವರಿಗಿಂತ ಭಿನ್ನರಲ್ಲ.

ಇಲ್ಲಿ ಒಂದು ಕಹಿ ಅನುಭವವನ್ನು ಹೇಳಲೇಬೇಕು. 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನೆರೆ ಬಂದಾಗ ಬಟ್ಟೆಬರೆ ಕಳುಹಿಸಲೆಂದು ನಾವು ಕೆಲವರು ಚರ್ಚಿನ ಸಭಾಂಗಣದಲ್ಲಿ ಕುಳಿತು, ಜನರು ತಂದು ಕೊಟ್ಟ ಮೂಟೆಗಳನ್ನು ವಿಂಗಡಿಸುತ್ತಿದ್ದೆವು. ಗುಂಡಿಗಳನ್ನು ಕತ್ತರಿಸಿ ತೆಗೆದಿಟ್ಟುಕೊಂಡ ಅಂಗಿಗಳು, ಬೂಷ್ಟು ಹಿಡಿದ ಕೋಟುಗಳು, ಒಂದೇ ಕಾಲಿನ ಚಪ್ಪಲಿ, ಬಳಸಿ ತೊಳೆಯದ ಒಳಉಡುಪುಗಳು ಆ ಮೂಟೆಗಳಿಂದ ಹೊರಬಂದವು. ಮನೆ ಮಠ ಕಳೆದುಕೊಂಡು ಶಾಲೆಯ ಜಗಲಿಯಲ್ಲಿ ಮಲಗಿದ್ದ ಹೆಂಗಸಿಗೆ ನಾವು ಇದನ್ನು ಕಳುಹಿಸಬೇಕಾಗಿತ್ತೇ? ಅರ್ಧಕ್ಕಿಂತ ಹೆಚ್ಚಿನದನ್ನು ಗುಜರಿಗೆ ಹಾಕಬೇಕಾಯಿತು. ತಂದವರು ಕೆಟ್ಟವರಲ್ಲ, ನನ್ನ ಜೊತೆ ಅದೇ ಬೆಂಚಿನಲ್ಲಿ ಕುಳಿತು ಪ್ರಾರ್ಥಿಸುವವರು. ಆದರೆ ಮನೆ ಖಾಲಿ ಮಾಡುವುದು ಒಂದು ಕೆಲಸ, ಕೊಡುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಮಾಡಿ ಎರಡನೆಯದರ ಹೆಸರಿಡುವುದು ತಪ್ಪು. ಎರಡು ಅಂಗಿಗಳುಳ್ಳವನು ಇಲ್ಲದವನಿಗೆ ಒಂದನ್ನು ಕೊಡಲಿ ಎಂದ, ಯೇಸುವಿಗೆ ಮುನ್ನ ಬಂದ ಪ್ರವಾದಿ ಸ್ನಾನಿಕ ಯೊವಾನ್ನನು, ಹರಿದದ್ದನ್ನು ಕೊಡಲಿ ಎಂದು ಹೇಳಲಿಲ್ಲ. ಅಮ್ಮನ ಸೀರೆಗಳನ್ನೂ ಇಪ್ಪತ್ತು ವರ್ಷ ಮುಂಚೆ ತೆಗೆದಿದ್ದರೆ ಹನ್ನೊಂದು ಹೆಣ್ಣುಮಕ್ಕಳು ಹಬ್ಬಕ್ಕೆ ಉಡಬಹುದಾಗಿತ್ತು. ಕೊಡುವ ಕಾಲ ವಸ್ತು ಗಟ್ಟಿಯಾಗಿರುವಾಗಲೇ ಬರುತ್ತದೆ, ಮನಸ್ಸು ಬಾರದಿರುವುದೂ ಆಗಲೇ.

ಕ್ರೈಸ್ತ ಮನೆಗಳಿಗೇ ವಿಶೇಷವಾದ ಇನ್ನೊಂದು ತೊಡಕಿದೆ. ಆಶೀರ್ವಾದ ಪಡೆದ ವಸ್ತುಗಳನ್ನು ಎಸೆಯಲು ಯಾರಿಗೂ ಧೈರ್ಯವಾಗುವುದಿಲ್ಲ. ನಮ್ಮ ಮನೆಯ ಪ್ರಾರ್ಥನಾಪೀಠದ ಶಿಲುಬೆಯ ಹಿಂದೆ ಏಳು ವರ್ಷಗಳ ಗರಿಗಳು ಒಣಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅವುಗಳ ಪಕ್ಕದಲ್ಲಿ ಕೈ ಮುರಿದ ಸಂತ ಅಂತೋನಿಯವರ ಪ್ರತಿಮೆ, ಮಣಿ ಉದುರಿದ ಜಪಸರಗಳು, ವೇಳಾಂಕಣ್ಣಿಯಿಂದ ತಂದು ಬಳಸದೆ ಉಳಿದ ಎಣ್ಣೆಯ ಸೀಸೆಗಳು, ಯೇಸುವಿನ ಚಿತ್ರವಿದೆಯೆಂಬ ಒಂದೇ ಕಾರಣಕ್ಕೆ ಸುತ್ತಿಟ್ಟ ಹಳೆಯ ಕ್ಯಾಲೆಂಡರುಗಳು. ಇವಕ್ಕೆ ನಮ್ಮ ಧರ್ಮಸಭೆಯ ಸಂಪ್ರದಾಯದಲ್ಲಿಯೇ ದಾರಿಯಿದೆ. ಗರಿಗಳ ಭಾನುವಾರದಂದು ಹಂಚಿದ ಗರಿಗಳನ್ನು ಮುಂದಿನ ವರ್ಷ ಸುಟ್ಟು ಆ ಬೂದಿಯನ್ನೇ ಬೂದಿ ಬುಧವಾರದಂದು ನಮ್ಮ ಹಣೆಗೆ ಹಚ್ಚುವುದು ವಾಡಿಕೆ, ಆದ್ದರಿಂದ ಅವು ಚರ್ಚಿಗೆ ಹಿಂತಿರುಗಬೇಕಾದವು. ಮುರಿದ ಪ್ರತಿಮೆಗಳನ್ನು ಯಾರೂ ತುಳಿಯದ ಶುದ್ಧವಾದ ಜಾಗದಲ್ಲಿ ಹೂಳಬಹುದು, ಚಿತ್ರಗಳನ್ನೂ ಹರಿದ ಪ್ರಾರ್ಥನಾ ಪುಸ್ತಕಗಳನ್ನೂ ಗೌರವದಿಂದ ಸುಟ್ಟು ಬೂದಿಯನ್ನು ಮಣ್ಣಿಗೆ ಸೇರಿಸಬಹುದು. ನಮ್ಮ ಪೀಠದ ಮೇಲೆ ಈಗ ಒಂದು ಶಿಲುಬೆ, ಒಂದು ಬೈಬಲ್, ಒಂದು ದೀಪ ಮಾತ್ರ ಇವೆ. ಸಂಜೆ ಜಪಸರಕ್ಕೆ ಕುಳಿತಾಗ ಕಣ್ಣು ಅತ್ತಿತ್ತ ಅಲೆಯುವುದು ಕಡಿಮೆಯಾಗಿದೆ.

ಹೊರಗೆ ಹೋಗುವುದರಷ್ಟೇ ಒಳಗೆ ಬರುವುದರ ಬಗ್ಗೆಯೂ ಯೋಚಿಸಬೇಕು. ಶಿಕ್ಷಕಿಯಾಗಿದ್ದ ನನ್ನ ಗಾಜಿನ ಕಪಾಟಿನಲ್ಲಿ ಇಪ್ಪತ್ತಮೂರು ಸ್ಮರಣಿಕೆಗಳೂ, ಪೆಟ್ಟಿಗೆಯೊಂದರಲ್ಲಿ ಅಷ್ಟೇ ಶಾಲುಗಳೂ ಇದ್ದವು. ಶಾಲುಗಳನ್ನು ವೃದ್ಧಾಶ್ರಮಕ್ಕೆ ಕೊಟ್ಟೆ, ಪ್ಲಾಸ್ಟಿಕ್ ಮತ್ತು ಬಣ್ಣದ ಹಾಳೆಯಿಂದ ಮಾಡಿದ ಸ್ಮರಣಿಕೆಗಳನ್ನು ಮಾತ್ರ ಯಾರಿಗೂ ಕೊಡಲಾಗಲಿಲ್ಲ. ಪ್ರೀತಿಯಿಂದ ಕೊಟ್ಟವರ ಮನಸ್ಸನ್ನು ನೋಯಿಸುವ ಇಚ್ಛೆ ನನಗಿಲ್ಲ, ಆದರೂ ವಾರ್ಷಿಕೋತ್ಸವ, ಪ್ರಥಮ ಪರಮಪ್ರಸಾದ, ಮದುವೆಯ ರಜತೋತ್ಸವಗಳಲ್ಲಿ ಇಂತಹ ವಸ್ತುಗಳನ್ನು ಹಂಚುವುದನ್ನು ನಮ್ಮ ಸಂಘಸಂಸ್ಥೆಗಳು ನಿಲ್ಲಿಸಿ, ಆ ಹಣವನ್ನು ಒಬ್ಬ ವಿದ್ಯಾರ್ಥಿಯ ಶುಲ್ಕಕ್ಕೆ ಕಟ್ಟಿ ರಸೀದಿಯನ್ನು ಗೌರವ ಪಡೆಯುವವರ ಕೈಗೆ ಕೊಡಲಿ ಎಂದು ಕೇಳಿಕೊಳ್ಳುತ್ತೇನೆ.

ಧರ್ಮಗುರುಗಳಲ್ಲಿ ನನ್ನ ವಿನಂತಿ ಇಷ್ಟು. ತಪಸ್ಸುಕಾಲದ ಮೊದಲ ವಾರದಲ್ಲಿಯೇ ಚರ್ಚಿನಲ್ಲಿ ಪ್ರಕಟಣೆ ಕೊಟ್ಟು, ಕೊಡುವವರು ತಾವೇ ಒಗೆದು, ಗುಂಡಿ ಹೊಲಿದು, ಇಸ್ತ್ರಿ ಮಾಡಿ ತಂದ ಬಟ್ಟೆಗಳನ್ನು ಮಾತ್ರ ಸ್ವೀಕರಿಸುವ ಕ್ರಮವನ್ನು ಜಾರಿಗೆ ತರಬೇಕು. 1833ರಲ್ಲಿ ಪ್ಯಾರಿಸಿನಲ್ಲಿ ಆರಂಭವಾಗಿ ಇಂದು ನಮ್ಮ ಅನೇಕ ಚರ್ಚುಗಳಲ್ಲಿರುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ಬಡವರ ಮನೆಗಳಿಗೇ ಹೋಗಿ ಬರುವವರಾದ್ದರಿಂದ, ಯಾವ ಮನೆಗೆ ಏನು ಬೇಕೆಂಬುದನ್ನು ಅವರಿಂದ ಮೊದಲು ಕೇಳಿಕೊಂಡು ಅನಂತರ ನಾವು ಕಪಾಟು ತೆರೆಯುವುದು ಒಳ್ಳೆಯದು. ಹೊಲಿಗೆ ಯಂತ್ರ ಬೇಕಾದ ಮನೆಗೆ ಹತ್ತು ಸೀರೆ ತಲುಪಿಸಿ ಬರುವ ತಪ್ಪು ಇದರಿಂದ ತಪ್ಪುತ್ತದೆ.

ತಮ್ಮಲ್ಲಿಯೂ ಒಂದು ಕೋರಿಕೆಯಿದೆ. ಮುಂದೆ ನೆರೆಯೋ ಭೂಕುಸಿತವೋ ಆದಾಗ ತಮ್ಮ ಪತ್ರಿಕೆಯಲ್ಲಿ ನೆರವಿನ ಮನವಿ ಪ್ರಕಟವಾಗುವ ಜಾಗದಲ್ಲಿಯೇ, ಪರಿಹಾರ ಕೇಂದ್ರದವರನ್ನು ವಿಚಾರಿಸಿ, ಅಂದಂದಿಗೆ ಏನು ಬೇಕು, ಏನು ಬೇಡ ಎಂಬುದನ್ನೂ ದಪ್ಪ ಅಕ್ಷರಗಳಲ್ಲಿ ಅಚ್ಚು ಮಾಡಿದರೆ, 2019ರಲ್ಲಿ ನಾವು ವಿಂಗಡಿಸಿದಂತಹ ಮೂಟೆಗಳು ಲಾರಿ ಹತ್ತದೆ ಮನೆಗಳಲ್ಲಿಯೇ ಉಳಿಯುತ್ತವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಉಡುಪಿ ಜಿಲ್ಲೆ