ಲಾಹೋರಿನ ಆ ಭಾನುವಾರ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಯಾರೂ ಲೆಕ್ಕಕ್ಕೇ ಹಿಡಿಯದ ತಂಡವೊಂದು ಗೆದ್ದುಬಿಟ್ಟರೆ ಒಡೆದುಹೋದ ದೇಶ ಒಂದಾಗುತ್ತದೆಯೇ ಎಂದು ಕಳೆದ ವಾರ ಫೋನಿನಲ್ಲಿ ನೀನು ಕೇಳಿದಾಗ ನಾನು ಹಾರಿಕೆಯ ಉತ್ತರ ಕೊಟ್ಟು ಜಾರಿಕೊಂಡೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡದೆ, ಶ್ರೀಲಂಕಾ ಕ್ರಿಕೆಟ್ ವಿಶ್ವಕಪ್ ಗೆದ್ದ 1996ರ ನಮ್ಮ ಹಾಸ್ಟೆಲಿನ ಟಿವಿ ಕೋಣೆಗೆ ಎಳೆದೊಯ್ದಿದೆ.

ಕಲ್ಕತ್ತೆಯ ಸೆಮಿಫೈನಲ್‌ನ ಮೊದಲ ಓವರಿನಲ್ಲೇ ನಮ್ಮ ಶ್ರೀನಾಥ್ ಶ್ರೀಲಂಕಾದ ಆರಂಭಿಕರಾದ ಕಲುವಿತರಣ ಮತ್ತು ಜಯಸೂರ್ಯ ಇಬ್ಬರನ್ನೂ ಔಟ್ ಮಾಡಿದಾಗ, ನೋಟ್‌ಬುಕ್ಕಿನಲ್ಲಿ ಸ್ಕೋರ್ ಬರೆದುಕೊಳ್ಳುತ್ತಿದ್ದ ನೀನು ಪೆನ್ನು ಎಸೆದು ಬೆಂಚಿನ ಮೇಲೆ ಕುಣಿದಿದ್ದೆ. ಆಮೇಲೆ ಅರವಿಂದ ಡಿ ಸಿಲ್ವ ಬಂದು ಹೊಡೆದ 66 ರನ್, ನಮ್ಮವರ 120ಕ್ಕೆ 8, ಮೈದಾನಕ್ಕೆ ತೂರಿಬಂದ ಬಾಟಲಿಗಳು, ಕಾಂಬ್ಳಿಯ ಕಣ್ಣೀರು. ಆ ಸಂಕಟದಲ್ಲಿ, ಗೆದ್ದವರು ಎಂಥ ಊರಿನಿಂದ ಬಂದವರು ಎಂಬುದನ್ನು ನಾವು ಯೋಚಿಸಲೇ ಇಲ್ಲ.

ಆ ವರ್ಷದ ಜನವರಿ 31ರಂದು ಕೊಲಂಬೊದ ಸೆಂಟ್ರಲ್ ಬ್ಯಾಂಕಿಗೆ ಸ್ಫೋಟಕ ತುಂಬಿದ ಲಾರಿ ನುಗ್ಗಿ ಸುಮಾರು 90 ಜನ ಸತ್ತಿದ್ದರು. ಆಸ್ಟ್ರೇಲಿಯಾ ಮತ್ತು ವೆಸ್ಟ್ ಇಂಡೀಸ್ ವಿಶ್ವಕಪ್ ಪಂದ್ಯ ಆಡಲು ಅಲ್ಲಿಗೆ ಬರಲು ಒಪ್ಪಲಿಲ್ಲ. ಆಗ ಭಾರತ ಮತ್ತು ಪಾಕಿಸ್ತಾನದ ಆಟಗಾರರು ಒಂದೇ ತಂಡವಾಗಿ ಕೊಲಂಬೊಗೆ ಹೋಗಿ ಸ್ನೇಹಪಂದ್ಯ ಆಡಿದರು. ನಮ್ಮ ಕುಂಬ್ಳೆಯೂ ಆ ತಂಡದಲ್ಲಿದ್ದರು. ಕಲುವಿತರಣ ಔಟಾದದ್ದು ವಾಸಿಂ ಅಕ್ರಂ ಬೌಲಿಂಗ್‌ನಲ್ಲಿ, ಕ್ಯಾಚ್ ಹಿಡಿದವರು ಸಚಿನ್! ಸ್ಕೋರ್ ಕಾರ್ಡಿನಲ್ಲಿ ಅಂಥ ಸಾಲನ್ನು ಮತ್ತೆ ಎಂದಾದರೂ ನೋಡುತ್ತೇವೆಂಬ ಭರವಸೆ ನನಗಿಲ್ಲ.

ಆದರೂ ಆ ದ್ವೀಪದ ಒಗ್ಗಟ್ಟಿನ ಮಾತು ಬಂದಾಗ ನನಗೆ ವಿಶ್ವಕಪ್ಪಿಗಿಂತ ಮೊದಲು ನೆನಪಾಗುವುದು 1995ರ ಡಿಸೆಂಬರಿನ ಮೆಲ್ಬರ್ನ್. ಮುರಳೀಧರನ್ ತೋಳು ಬಗ್ಗಿಸಿ ಚೆಂಡು ಎಸೆಯುತ್ತಾರೆಂದು ಅಂಪೈರ್ ಡಾರೆಲ್ ಹೇರ್ ಏಳು ಬಾರಿ ನೋ ಬಾಲ್ ಎಂದು ಕೂಗಿದರು. ನಾಯಕ ಅರ್ಜುನ ರಣತುಂಗ ಆ ಹುಡುಗನನ್ನು ಮರೆಮಾಡಲಿಲ್ಲ. ಇನ್ನೊಂದು ತುದಿಯಿಂದ ಮತ್ತೆ ಬೌಲಿಂಗ್ ಮಾಡಿಸಿದರು. 1983ರಿಂದ ಸಿಂಹಳರ ಪ್ರಾಬಲ್ಯದ ಸರ್ಕಾರಕ್ಕೂ ತಮಿಳು ಹುಲಿಗಳಿಗೂ ಯುದ್ಧ ನಡೆಯುತ್ತಿದ್ದ ನಾಡಿನಲ್ಲಿ, ಸಿಂಹಳ ನಾಯಕನೊಬ್ಬ ಕ್ಯಾಂಡಿಯ ತಮಿಳು ಬೌಲರನ ಬೆನ್ನಿಗೆ ನಿಂತದ್ದು ಸಣ್ಣ ಸಂಗತಿಯಾಗಿರಲಿಲ್ಲ. ತಂಡದೊಳಗೆ ಆಗಲೇ ಬೇರೂರಿದ್ದ ಆ ನಂಬಿಕೆ ಇಡೀ ದೇಶದ ಕಣ್ಣಿಗೆ ಬಿದ್ದದ್ದು 1996ರ ಮಾರ್ಚ್ 17ರಂದು, ಲಾಹೋರಿನ ವಿಶ್ವಕಪ್ ಫೈನಲ್‌ನಲ್ಲಿ.

ಎದುರಿಗಿದ್ದದ್ದು ಕೊಲಂಬೊಗೆ ಬರಲೊಲ್ಲದ ಅದೇ ಆಸ್ಟ್ರೇಲಿಯಾ. ಅದುವರೆಗಿನ ಐದೂ ಫೈನಲ್‌ಗಳಲ್ಲಿ ಮೊದಲು ಬ್ಯಾಟ್ ಮಾಡಿದವರೇ ಗೆದ್ದಿದ್ದರೂ, ಟಾಸ್ ಗೆದ್ದ ರಣತುಂಗ ಫೀಲ್ಡಿಂಗ್ ಆಯ್ದುಕೊಂಡರು. ಮುರಳಿ 10 ಓವರಿನಲ್ಲಿ ಕೊಟ್ಟದ್ದು 31 ರನ್ ಮಾತ್ರ. 242 ರನ್ನಿನ ಗುರಿಯ ಮುಂದೆ ಆರಂಭಿಕರಿಬ್ಬರೂ ಬೇಗ ಹೋದರು, ಆದರೆ ಮೂರು ವಿಕೆಟ್ ಕಿತ್ತಿದ್ದ ಅರವಿಂದ 107 ರನ್ ಹೊಡೆದು ಅಜೇಯರಾಗಿ ಉಳಿದರು. ಕೊನೆಗೆ ರಣತುಂಗ ಚೆಂಡನ್ನು ಥರ್ಡ್ ಮ್ಯಾನ್ ಕಡೆಗೆ ಮೆಲ್ಲನೆ ಸವರಿದಾಗ, ನಾಲ್ಕು ದಿನಗಳ ಹಿಂದೆ ಇದೇ ತಂಡವನ್ನು ಬೈದಿದ್ದ ನಾವೇ ಚಪ್ಪಾಳೆ ತಟ್ಟಿದ್ದೆವು.

ಯುದ್ಧವೇನೂ ನಿಲ್ಲಲಿಲ್ಲ. ನಾಲ್ಕು ತಿಂಗಳಲ್ಲೇ ಮುಲ್ಲೈತೀವಿನ ಸೇನಾ ಶಿಬಿರದಲ್ಲಿ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು, ದೆಹಿವಲದಲ್ಲಿ ರೈಲಿನಲ್ಲಿ ಬಾಂಬ್ ಸಿಡಿಯಿತು, ಕಾದಾಟ ಮುಗಿಯಲು 2009ರವರೆಗೆ ಕಾಯಬೇಕಾಯಿತು. ಹಾಗಾಗಿ ದೇಶ ಒಂದಾಯಿತು ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಆದರೆ ಯುದ್ಧ ಮುಗಿಯುವ ಮೊದಲೇ, ಆ ದೇಶದ ಅತಿ ದೊಡ್ಡ ಬೌಲರ್ ಯಾರೆಂದು ಕೇಳಿದರೆ ಸಿಂಹಳರ ಮಕ್ಕಳೂ ಒಬ್ಬ ತಮಿಳನ ಹೆಸರು ಹೇಳುವಂತಾಗಿತ್ತು.

ಆ ನೋಟ್‌ಬುಕ್ ನಿನ್ನ ಅಟ್ಟದಲ್ಲಿ ಇನ್ನೂ ಇದ್ದರೆ ಹುಡುಕು. ಸೆಮಿಫೈನಲ್‌ನ ಪುಟವನ್ನು ನೀನು ಸಿಟ್ಟಿನಲ್ಲಿ ಹರಿದದ್ದು ಗೊತ್ತು. ಅದರ ಮುಂದಿನ ಪುಟದ ಫೋಟೊ ತೆಗೆದು ಕಳುಹಿಸು.

ಇಂತಿ,
ನಿನ್ನ ಹಳೆಯ ರೂಮ್‌ಮೇಟ್